ಒಳಗೆ ಬಿಟ್ಟ ಒಂದಿಂಚು

ಟೈಲರು ಯಾರ ಅಳತೆಯನ್ನೂ ಇದ್ದದ್ದು ಇದ್ದ ಹಾಗೆ ಬರೆದುಕೊಂಡವನಲ್ಲ. ಟೇಪು ನಲವತ್ತು ಎಂದರೆ ಅವನ ಪುಸ್ತಕ ನಲವತ್ತೊಂದು ಅನ್ನುತ್ತಿತ್ತು. ತೋಳು ಇಪ್ಪತ್ತಮೂರು ಇದ್ದರೆ ಇಪ್ಪತ್ತನಾಲ್ಕು. ಗಿರಾಕಿ ಎದುರಿಗೇ ನಿಂತು "ಜಾಸ್ತಿ ಬರೀತಿದ್ದೀರಲ್ಲ" ಎಂದು ಕೇಳಿದರೆ, ಕನ್ನಡಕದ ಮೇಲಿನಿಂದ ನೋಡಿ, "ಅಳತೆ ಕೊಡೋವಾಗ ಎಲ್ಲರೂ ಹೊಟ್ಟೆ ಒಳಗೆ ಎಳ್ಕೊಂಡು ನಿಂತಿರ್ತಾರೆ. ಬಟ್ಟೆ ಹಾಕ್ಕೊಂಡ ಮೇಲೆ ಉಸಿರು ಬಿಡ್ತಾರೆ. ಆ ಉಸಿರಿಗೆ ಒಂದಿಂಚು" ಎನ್ನುತ್ತಿದ್ದ. ಆ ಒಂದಿಂಚು ಬಟ್ಟೆಯನ್ನು ಹೊಲಿಗೆಯ ಒಳಗೆ ಮಡಿಚಿ ಬಿಟ್ಟಿರುತ್ತಿದ್ದ. ಮುಂದೊಂದು ದಿನ ಗಿರಾಕಿ ಊದಿಕೊಂಡು ಬಂದಾಗ ಬಿಚ್ಚಿ ಸಡಿಲ ಮಾಡಿ ಕೊಡುತ್ತಿದ್ದ. ಮೂವತ್ತೆಂಟು ವರ್ಷ ಹೀಗೆ ಬರೆದೂ ಬರೆದೂ ಆ ಲೆಕ್ಕ ತಲೆಯ ಕೈತಪ್ಪಿ ಹೋಗಿತ್ತು. ಕೈಯೇ ಯಾರನ್ನೂ ಕೇಳದೆ ಒಂದು ಕೂಡಿಸಿಬಿಡುತ್ತಿತ್ತು. ಈ ಕಥೆಯ ತಕರಾರೆಲ್ಲ ಶುರುವಾದದ್ದು ಆ ಕೈಯಿಂದ.

ಅವನ ಮನೆಯಲ್ಲಿ ಮೂರು ಕೋಣೆ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೇ ಅಂಗಡಿ: ಹೊಲಿಗೆ ಮಿಷನ್ನು, ಇಸ್ತ್ರಿ ಪೆಟ್ಟಿಗೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಕಾಲಿಗೆ ಸಿಕ್ಕುವ ಚಿಂದಿ. ಹಿಂದಿನದು ಅಡುಗೆಮನೆ. ನಡುವಿನ ಕೋಣೆಯಲ್ಲಿ ಅಕ್ಕನ ಮಂಚ, ಅಕ್ಕನ ಕಂಪ್ಯೂಟರು ಮತ್ತು ಸ್ವತಃ ಅಕ್ಕ. ಟೈಲರು ಮದುವೆಯ ಗೋಜಿಗೆ ಹೋದವನಲ್ಲ. ಅಕ್ಕ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು, "ಸೂಜಿಗೆ ದಾರ ಪೋಣಿಸೋ ಕೆಲಸ ಮಾತ್ರ ನನಗೆ ಹೇಳ್ಬೇಡ" ಎಂದು ಮೊದಲ ದಿನವೇ ಖಡಾಖಂಡಿತವಾಗಿ ಹೇಳಿ, ಬಸ್ಸಿನ ಡ್ರೈವರ್ ಕೆಲಸಕ್ಕೆ ಸೇರಿದವಳು. ಇಪ್ಪತ್ತಾರು ವರ್ಷ ದೂರದ ಊರುಗಳಿಗೆ ಬಸ್ಸು ಓಡಿಸಿದಳು. ಒಂದು ಕೋಳಿಗೂ ತಾಗಿಸಲಿಲ್ಲ. ಎರಡು ವರ್ಷದ ಹಿಂದೆ ಬಲಗಣ್ಣಿನ ದೃಷ್ಟಿ ಹೋಯಿತು. ಒಂದೇ ಕಣ್ಣಿದ್ದರೆ ಎದುರಿನ ವಾಹನ ಎಷ್ಟು ದೂರವಿದೆ ಎಂಬ ಅಂದಾಜು ಸರಿಯಾಗಿ ಸಿಗುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಡಿಪೋದವರು ಕೈಕುಲುಕಿ, ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಇನ್ನು ಮುಂದೆ ಎಲ್ಲಿಗೂ ಟೈಮಿಗೆ ಸರಿಯಾಗಿ ಹೋಗಬೇಕಾಗಿಲ್ಲದವಳಿಗೆ ಗಡಿಯಾರ ಕೊಡುವ ಬುದ್ಧಿ ಯಾವ ಮಹಾನುಭಾವನಿಗೆ ಹೊಳೆಯಿತೋ ಗೊತ್ತಿಲ್ಲ.

ಆಮೇಲಿನ ಮೂರು ತಿಂಗಳು ಟೈಲರ ಪಾಲಿಗೆ ಸುಲಭದ್ದಾಗಿರಲಿಲ್ಲ. ಅಕ್ಕ ಒಳಗೆ ಕೂತು ಹೊಲಿಗೆ ಮಿಷನ್ನಿನ ಸದ್ದು ಕೇಳಿ, "ಎಷ್ಟು ಹೊತ್ತು ಎರಡನೇ ಗೇರಲ್ಲೇ ಎಳೀತೀಯೋ, ಮೂರನೇದಕ್ಕೆ ಹಾಕು" ಎಂದು ಕೂಗುತ್ತಿದ್ದಳು. ಬಂದ ಗಿರಾಕಿಗಳಿಗೆ "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಬನ್ನಿ" ಎಂದು ಗದರುತ್ತಿದ್ದಳು. ಇದಕ್ಕೆಲ್ಲ ಅವನು ನಕ್ಕು ಸುಮ್ಮನಾಗುತ್ತಿದ್ದ. ಆದರೆ ಬೆಳಗ್ಗೆ ಐದಕ್ಕೇ ಎದ್ದು, ಖಾಕಿ ಯೂನಿಫಾರ್ಮಿಗೆ ನೀಟಾಗಿ ಇಸ್ತ್ರಿ ಹಾಕಿ, ಮತ್ತೆ ಅದನ್ನು ಗೂಟಕ್ಕೇ ನೇತುಹಾಕುತ್ತಿದ್ದಳಲ್ಲ, ಅದನ್ನು ನೋಡಿದಾಗ ಮಾತ್ರ ಅವನಿಗೆ ನಗು ಬರುತ್ತಿರಲಿಲ್ಲ.

ಕೊನೆಗೆ ದಾರಿ ತೋರಿಸಿದವನು ಮೀಸೆ. ಅವಳ ಡಿಪೋದಲ್ಲೇ ಡ್ರೈವರಾಗಿದ್ದು ನಿವೃತ್ತನಾದವನು. ಮೀಸೆ ಬೋಳಿಸಿ ಹತ್ತು ವರ್ಷವಾದರೂ ಹೆಸರು ಬೋಳಿಸಲು ಆಗಿರಲಿಲ್ಲ. ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಒಂದು ಆಟವಿದೆ, ಹಳೇ ಡ್ರೈವರುಗಳು ಹನ್ನೊಂದು ಜನ ಭಾನುವಾರ ಸಂಜೆ ನಾಲ್ಕಕ್ಕೆ ಅವರವರ ಮನೆಯಲ್ಲೇ ಕೂತು ಒಂದೇ ರಸ್ತೆಯಲ್ಲಿ ಸಾಲಾಗಿ ಬಸ್ಸು ಬಿಡುತ್ತೇವೆ, ನೀನೂ ಬಾ ಎಂದ. ಬಾಗಿಲು ಮುಚ್ಚಿದ ಯಾವುದೋ ಆಫೀಸಿನ ಹಳೇ ಕಂಪ್ಯೂಟರು ಅಗ್ಗಕ್ಕೆ ಸಿಕ್ಕಿತು. ಮೇಜಿಗೆ ಕಚ್ಚಿಸುವ ಸ್ಟೀರಿಂಗನ್ನು ಅಕ್ಕ ತನ್ನ ದುಡ್ಡಿನಲ್ಲೇ ತಂದಳು. ಮೊದಲ ಸಲ ಓಡಿಸಿದ ದಿನ ಅರ್ಧ ಗಂಟೆ ಸ್ಟೀರಿಂಗಿನಿಂದ ಕೈ ತೆಗೆಯಲಿಲ್ಲ. ಆಮೇಲೆ ಅಂಗಡಿಗೆ ಬಂದು ತಮ್ಮನ ಎದುರು ನಿಂತು, "ಪರದೆ ಮೇಲಿನ ರಸ್ತೆ ಚಪ್ಪಟೆ ಕಣೋ. ಎರಡು ಕಣ್ಣಿದ್ದವರಿಗೂ ಚಪ್ಪಟೆ, ನನಗೂ ಚಪ್ಪಟೆ. ಇಲ್ಲಿ ಒಂದೇ ಕಣ್ಣು ಸಾಕು" ಎಂದಳು. ಎರಡೇ ತಿಂಗಳಲ್ಲಿ ಸಾಲಿನ ಮೊದಲ ಬಸ್ಸು ಅವಳದಾಯಿತು. ಮೊದಲ ಬಸ್ಸು ಎಂದರೆ ಸುಮ್ಮನೆ ಅಲ್ಲ. ವೇಗ ಅವಳು ಹೇಳಿದ್ದು, ನಿಲ್ಲುವುದು ಅವಳು ಹೇಳಿದಲ್ಲಿ. ಖಾಕಿ ಬಟ್ಟೆಗೆ ಇಸ್ತ್ರಿ ಹಾಕುವುದು ಅಂದಿನಿಂದ ನಿಂತಿತು.

ಟೈಲರಿಗೆ ಬಸ್ಸು ಆಗಿಬರುತ್ತಿರಲಿಲ್ಲ. ಬಸ್ಸು ಹೊರಟು ಹತ್ತು ನಿಮಿಷಕ್ಕೆ ಹೊಟ್ಟೆ ತೊಳಸಲು ಶುರು. ಅಕ್ಕನ ಬಸ್ಸಿನಲ್ಲಿ ಎರಡೇ ಸಲ ಕೂತಿದ್ದ. ಎರಡು ಸಲವೂ ಅವಳು ಅರ್ಧ ದಾರಿಯಲ್ಲಿ ನಿಲ್ಲಿಸಬೇಕಾಯಿತು, ಇವನು ಇಳಿದು ಮೋರಿ ಪಕ್ಕ ಕೂತು ಬರುವ ತನಕ ಐವತ್ತು ಜನ ಕಿಟಕಿಯಿಂದ ನೋಡುತ್ತಿದ್ದರು. "ನನ್ನ ಸರ್ವೀಸಿನಲ್ಲಿ ಬಸ್ಸು ಲೇಟಾಗಿದ್ದು ಎರಡೇ ಸಲ, ಎರಡು ಸಲವೂ ನೀನೇ ಕಾರಣ" ಎಂದು ಅಕ್ಕ ಇವತ್ತಿಗೂ ಹಂಗಿಸುತ್ತಾಳೆ. ಕಂಪ್ಯೂಟರಿನ ಬಸ್ಸು ಮಾತ್ರ ಇವನಿಗೆ ಏನೂ ಮಾಡುತ್ತಿರಲಿಲ್ಲ. ಹಳೇ ಕಂಪ್ಯೂಟರಿನಲ್ಲಿ ರಸ್ತೆ ಓಡುತ್ತಿರಲಿಲ್ಲ, ಒಂದು ಫೋಟೋ ಆದ ಮೇಲೆ ಇನ್ನೊಂದು ಫೋಟೋ ಬಂದ ಹಾಗೆ ತಡೆದು ತಡೆದು ಬರುತ್ತಿತ್ತು. ಅಕ್ಕನ ಬೆನ್ನ ಹಿಂದೆ ನಿಂತು ಆರಾಮವಾಗಿ ಟೀ ಕುಡಿಯುತ್ತಾ ನೋಡುತ್ತಿದ್ದ.

ಅಷ್ಟರಲ್ಲಿ ಆಟ ಮಾಡಿದವರು ಆಟವನ್ನು ಹೊಸದು ಮಾಡಿದರು. ಹೊಸ ರಸ್ತೆ, ರಸ್ತೆಯ ಮೇಲೆ ನೆರಳು, ನೆರಳಿಗೊಂದು ಮರ. ಅಕ್ಕನ ಕಂಪ್ಯೂಟರಿಗೆ ಏದುಸಿರು ಬಂತು. ಮೊದಲು ಮರಗಳನ್ನು ತೆಗೆದಳು, ಆಮೇಲೆ ನೆರಳು ತೆಗೆದಳು, ಕೊನೆಗೆ ಬಸ್ಸಿನ ಎರಡು ಬದಿಯ ಕನ್ನಡಿಗಳನ್ನೂ ಕಪ್ಪು ಮಾಡಿ ಕೂತಳು. ಅಷ್ಟು ಮಾಡಿದರೂ ಹೋದ ಭಾನುವಾರ ಒಂದು ಇಳಿಜಾರಿನಲ್ಲಿ ಅವಳ ಬಸ್ಸು ನಡುರಸ್ತೆಯಲ್ಲಿ ಕಲ್ಲಾಗಿ ನಿಂತಿತು. ಹಿಂದಿದ್ದ ಹನ್ನೊಂದು ಬಸ್ಸುಗಳು ಒಂದರ ಹಿಂದೆ ಒಂದು ಬಂದು ಗುದ್ದಿದವು. ಮೀಸೆ ಮೆತ್ತಗೆ, "ಅಕ್ಕ, ಬರೋ ವಾರದಿಂದ ನೀನು ಸಾಲಿನ ಕೊನೆಗೆ ಬಾ. ನಿಂತ್ರೂ ಯಾರಿಗೂ ತೊಂದ್ರೆ ಇಲ್ಲ" ಎಂದ. ಅಕ್ಕ "ಆಯ್ತು" ಎಂದಳು, ಅಷ್ಟೇ.

ಟೈಲರು ಮುಂದಿನ ಕೋಣೆಯಲ್ಲಿ ಕಾಜಾ ಹಾಕುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅಕ್ಕ ಜಗಳಕ್ಕೆ ನಿಂತಿದ್ದರೆ ಅವನಿಗೆ ಸಮಾಧಾನವಿರುತ್ತಿತ್ತು. ಸೋಮವಾರ ಬೆಳಗ್ಗೆ ಐದಕ್ಕೆ ಎಚ್ಚರವಾಗಿ ನೋಡಿದರೆ ಇಸ್ತ್ರಿ ಪೆಟ್ಟಿಗೆ ಬಿಸಿಯಾಗಿತ್ತು, ಮೇಜಿನ ಮೇಲೆ ಖಾಕಿ ಅಂಗಿ ಹಾಸಿತ್ತು. ಬರುವ ಭಾನುವಾರದೊಳಗೆ ಆ ಕಂಪ್ಯೂಟರನ್ನು ರಿಪೇರಿ ಮಾಡಿಸಬೇಕು, ಅಕ್ಕನಿಗೆ ಮಾತ್ರ ಮೊದಲೇ ಗೊತ್ತಾಗಬಾರದು ಎಂದು ಅಲ್ಲೇ ತೀರ್ಮಾನ ಮಾಡಿದ. ಗೊತ್ತಾದರೆ ಬೇಡ ಎನ್ನುತ್ತಾಳೆ, ಅವಳು ಬೇಡ ಎಂದರೆ ಬೇಡವೇ.

ಎರಡು ಬೀದಿ ಆಚೆ, ಮಹಡಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ಹಳೇ ಕಂಪ್ಯೂಟರ್ ಸಾಮಾನು ಮಾರುವವನೊಬ್ಬನಿದ್ದ. ಜನ ಅವನನ್ನು ಗ್ಯಾರಂಟಿ ಎನ್ನುತ್ತಿದ್ದರು, ಏಕೆಂದರೆ ಯಾವ ಸಾಮಾನು ಕೈಗೆ ಕೊಟ್ಟರೂ "ಗ್ಯಾರಂಟಿ ಇಲ್ಲ" ಎಂದೇ ಕೊಡುತ್ತಿದ್ದ. ಟೈಲರು ಹೇಳಿದ ರೋಗಲಕ್ಷಣವನ್ನೆಲ್ಲ ಕೇಳಿ ಗ್ಯಾರಂಟಿ, "ಮಿಷನ್ನು ಸರಿ ಇದೆ. ಚಿತ್ರ ಬಿಡಿಸೋ ಭಾಗಕ್ಕೆ ವಯಸ್ಸಾಗಿದೆ. ಗ್ರಾಫಿಕ್ಸ್ ಕಾರ್ಡ್ ಬದಲಾಯಿಸ್ಬೇಕು" ಎಂದು ಗಾಜಿನ ಬೀರು ತೋರಿಸಿದ. ಟೈಲರು ಚೀಟಿಯಲ್ಲಿದ್ದ ಬೆಲೆಯನ್ನು ಎರಡು ಸಲ ಓದಿದ.

"ಇಷ್ಟು ದುಡ್ಡಿಗೆ ನಿಜವಾದ ಬಸ್ಸೇ ಬರುತ್ತಲ್ಲ ಮಾರಾಯ್ರೇ."

"ಬಸ್ಸು ಬರಲ್ಲ. ಟೈರ್ ಬರುತ್ತೆ," ಎಂದ ಗ್ಯಾರಂಟಿ. "ನಿಮ್ಮ ಹತ್ರ ಎಷ್ಟಿದೆ ಹೇಳಿ."

ಟೈಲರ ಬಳಿ ಇದ್ದದ್ದು ಹೊಸ ಇಸ್ತ್ರಿ ಪೆಟ್ಟಿಗೆಗೆಂದು ಗುಂಡಿ ಡಬ್ಬಿಯಲ್ಲಿ ಕೂಡಿಟ್ಟಿದ್ದ ದುಡ್ಡು. ಹೇಳಿದ. ಗ್ಯಾರಂಟಿ ಗಾಜಿನ ಬೀರುವಿನ ಬಾಗಿಲು ಮುಚ್ಚಿ, ಕಾಲ ಕೆಳಗಿನ ರಟ್ಟಿನ ಪೆಟ್ಟಿಗೆ ತೆರೆದ.

"ಬೇರೆಯವರು ಬಳಸಿ ಬಿಟ್ಟಿದ್ದು ಇವೆಲ್ಲ. ಒಳ್ಳೇವೂ ಇವೆ. ಆದ್ರೆ ಮೊದಲು ಮೂರು ವಿಷಯ ತಿಳ್ಕೊಂಡು ಬನ್ನಿ. ಕ್ಯಾಬಿನೆಟ್ ಒಳಗೆ ಉದ್ದ ಎಷ್ಟು ಜಾಗ ಇದೆ, ಪವರ್ ಸಪ್ಲೈ ಎಷ್ಟು ವ್ಯಾಟಿಂದು, ಮದರ್‌ಬೋರ್ಡ್ ಯಾವುದು. ಸುಮ್ನೆ ತಗೊಂಡು ಹೋಗಿ, ಒಳಗೆ ಹೋಗ್ಲಿಲ್ಲ ಅಂತ ಬಂದ್ರೆ ನಾನು ವಾಪಸ್ ತಗೊಳ್ಳಲ್ಲ."

"ಅಳತೆ ವಿಷಯ ನನಗೆ ಹೇಳ್ತೀರಾ?" ಎಂದ ಟೈಲರು. ಅವನ ಮುಖದಲ್ಲಿ ಕಾಣಿಸಿದ ಜಂಬವನ್ನು ನಾವು ಇಲ್ಲಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಗುರುವಾರ ಅಕ್ಕ ಸ್ನಾನಕ್ಕೆ ಹೋದ ಹೊತ್ತು ನೋಡಿ ಟೈಲರು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ. ಕೊರಳಿನ ಟೇಪನ್ನು ಇಳಿಸಿ, ಹಿಂದಿನ ಗೋಡೆಯಿಂದ ಹಾರ್ಡ್ ಡಿಸ್ಕ್ ಕೂತಿದ್ದ ಕಬ್ಬಿಣದ ಗೂಡಿನವರೆಗೆ ಎಳೆದು ಹಿಡಿದ. ಒಂದು ಕಣ್ಣು ಮುಚ್ಚಿ ನೋಡಿದ. ಹತ್ತೂವರೆ ಇಂಚು. ಟೇಪು ಎಲ್ಲೂ ಸಡಿಲವಿರಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಅಳತೆ ಪುಸ್ತಕದಲ್ಲಿ, ಯಾರದೋ ಪ್ಯಾಂಟಿಗೂ ಯಾರದೋ ರವಿಕೆಗೂ ನಡುವೆ, "ಅಕ್ಕನ ಪೆಟ್ಟಿಗೆ" ಎಂದು ಬರೆದು, ಪವರ್ ಸಪ್ಲೈ ಮತ್ತು ಮದರ್‌ಬೋರ್ಡಿನ ಮೇಲಿದ್ದ ಚೀಟಿಗಳನ್ನೂ ಓದಿ, ಕೆಳಗೆ ಅಂಕಿಗಳನ್ನು ಬರೆದುಕೊಂಡ. ಬಚ್ಚಲಮನೆಯಲ್ಲಿ ನೀರಿನ ಸದ್ದು ನಿಲ್ಲುವಷ್ಟರಲ್ಲಿ ತಗಡು ಮುಚ್ಚಿ, ಏನೂ ಅರಿಯದವನ ಹಾಗೆ ಮಿಷನ್ನಿನ ಮುಂದೆ ಕೂತಿದ್ದ.

ಶನಿವಾರ ಬೆಳಗ್ಗೆ ಅಕ್ಕ ಕಣ್ಣಿನ ಡಾಕ್ಟರ ಹತ್ತಿರ ಹೋಗುವ ದಿನ. ಅಲ್ಲಿ ಸಾಲು ಉದ್ದ, ಮಧ್ಯಾಹ್ನಕ್ಕೆ ಮೊದಲು ಬರುವ ಹಾಗಿಲ್ಲ. ಅವಳು ಬೀದಿಯ ತಿರುವು ದಾಟಿದ್ದೇ ತಡ ಟೈಲರು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಗ್ಯಾರಂಟಿಯ ಅಂಗಡಿಗೆ ಓಡಿದ.

ಗ್ಯಾರಂಟಿ ಪುಸ್ತಕವನ್ನು ಬೆಳಕಿಗೆ ಹಿಡಿದು ಓದಿದ. "ಪವರ್ ಸಪ್ಲೈ ನಾನೂರ ಐವತ್ತೊಂದು ವ್ಯಾಟಾ?"

"ಹೌದು."

"ನಾನೂರೈವತ್ತು ಇರುತ್ತೆ. ಐನೂರು ಇರುತ್ತೆ. ಈ ಒಂದು ಎಲ್ಲಿಂದ ಬಂತು?"

ಟೈಲರು ಪುಸ್ತಕ ಇಸಿದುಕೊಂಡು ನೋಡಿದ. ಅವನದೇ ಅಕ್ಷರ. "ಅವಸರದಲ್ಲಿ ಬರೆದೆ, ಕೈ ಜಾರಿರ್ಬೇಕು" ಎಂದ. ಇಬ್ಬರೂ ನಕ್ಕರು. ನಕ್ಕು ಮುಂದಿನ ಸಾಲಿಗೆ ಹೋದರು. ಮುಂದಿನ ಸಾಲಿನಲ್ಲಿ ಉದ್ದ ಹನ್ನೊಂದೂವರೆ ಇಂಚು ಎಂದಿತ್ತು. ಇಬ್ಬರಲ್ಲಿ ಒಬ್ಬನಿಗಾದರೂ ತಲೆಗೆ ಹೊಳೆಯಬೇಡವೇ? ಹೊಳೆಯಲಿಲ್ಲ.

ಗ್ಯಾರಂಟಿ ರಟ್ಟಿನ ಪೆಟ್ಟಿಗೆಯಿಂದ ಎರಡು ಫ್ಯಾನಿನ ಒಂದು ಕಾರ್ಡು ತೆಗೆದ. ಸರಿಯಾಗಿ ಹನ್ನೊಂದು ಇಂಚು. ತನ್ನ ಕಂಪ್ಯೂಟರಿಗೆ ಹಾಕಿ ಓಡಿಸಿ ತೋರಿಸಿದ. ಪರದೆಯ ಮೇಲೆ ನೀರು ಹರಿಯಿತು, ಹುಲ್ಲು ಅಲುಗಿತು. ಬೆಲೆ ಮಾತ್ರ ಡಬ್ಬಿಯ ದುಡ್ಡಿಗಿಂತ ಜಾಸ್ತಿಯಿತ್ತು. ಟೈಲರು ಕಾರ್ಡನ್ನೇ ನೋಡುತ್ತಾ ನಿಂತ. ಗ್ಯಾರಂಟಿ ಅವನ ಮುಖ ನೋಡಿದ, ತನ್ನ ಹೊಟ್ಟೆ ನೋಡಿಕೊಂಡ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದ.

"ಒಂಬತ್ತು ವರ್ಷದ ಹಿಂದೆ ನೀವೇ ನನಗೊಂದು ಕೋಟು ಹೊಲಿದಿದ್ರಿ. ನಾಡಿದ್ದು ನನ್ನ ತಮ್ಮನ ಮದುವೆ. ನಿನ್ನೆ ಹಾಕಿ ನೋಡಿದ್ರೆ ಗುಂಡಿ ಇಲ್ಲಿದೆ, ಕಾಜಾ ಅಲ್ಲಿದೆ. ಹೊಸದು ಹೊಲಿಸೋಕೆ ಟೈಮಿಲ್ಲ. ಏನಾದ್ರೂ ಮಾಡೋಕಾಗುತ್ತಾ?"

"ಒಳಗೆ ಒಂದಿಂಚು ಬಿಟ್ಟಿದ್ದೀನಿ," ಎಂದ ಟೈಲರು. ಆ ಗಳಿಗೆಯಲ್ಲಿ ಅವನ ಧ್ವನಿ ಎರಡಿಂಚು ಎತ್ತರದಲ್ಲಿತ್ತು. "ಎರಡು ಪಕ್ಕ ಬಿಚ್ಚಿದ್ರೆ ಎರಡಿಂಚು. ಇವತ್ತು ಸಂಜೆಗೆ ಕೊಡ್ತೀನಿ."

ಡಬ್ಬಿಯ ದುಡ್ಡು ಮತ್ತು ಕೋಟಿನ ಕೂಲಿಗೆ ವ್ಯಾಪಾರ ಕುದುರಿತು. ಗ್ಯಾರಂಟಿ ಕಾರ್ಡನ್ನು ಹಳೇ ಪೇಪರಿನಲ್ಲಿ ಸುತ್ತಿ, ಹೇಗೆ ಕೂರಿಸಬೇಕು, ಯಾವ ವೈರು ಎಲ್ಲಿಗೆ ಎಂದು ಬಿಡಿಸಿ ಹೇಳಿ, ರೂಢಿಯಂತೆ "ಗ್ಯಾರಂಟಿ ಇಲ್ಲ" ಎಂದು ಕೋಟಿನ ಜೊತೆಗೇ ಕೈಗೆ ಕೊಟ್ಟ. ಮದುವೆಗೆಂದು ಅಂಗಡಿಗೆ ಬುಧವಾರದ ತನಕ ಬೀಗ ಎಂದೂ ಹೇಳಿದ.

ಮನೆಗೆ ಬಂದು ಟೈಲರು ಬಾಗಿಲು ಹಾಕಿಕೊಂಡ. ಕಂಪ್ಯೂಟರನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದ. ಹಳೇ ಕಾರ್ಡು ಸಲೀಸಾಗಿ ಕೈಗೆ ಬಂತು. ಹೊಸದನ್ನು ಎರಡು ಕೈಯಲ್ಲಿ ಹಿಡಿದು, ಹಿಂದಿನ ಗೋಡೆಗೆ ಒತ್ತಿ, ಸ್ಲಾಟಿನ ಮೇಲೆ ಇಳಿಸಲು ಹೋದ. ಇಳಿಯಲಿಲ್ಲ. ಇನ್ನೊಂದು ತುದಿ ಹಾರ್ಡ್ ಡಿಸ್ಕಿನ ಗೂಡಿಗೆ ತಾಗಿ ನಿಂತಿತು. ಓರೆ ಮಾಡಿದ. ಕೆಳಗಿನಿಂದ ತಂದ. ಉಸಿರು ಬಿಗಿಹಿಡಿದು ನೋಡಿದ, ತಾನು ಉಸಿರು ಹಿಡಿದರೆ ಕಾರ್ಡು ಸಣ್ಣದಾಗುತ್ತದೋ ಎಂಬಂತೆ. ಕೊನೆಗೆ ಟೇಪು ತೆಗೆದು ಮತ್ತೆ ಅಳೆದ. ಹತ್ತೂವರೆ. ಪುಸ್ತಕ ನೋಡಿದ. ಹನ್ನೊಂದೂವರೆ. ಮತ್ತೆ ಟೇಪು ನೋಡಿದ. ಆಮೇಲೆ ತನ್ನ ಬಲಗೈಯನ್ನು ನೋಡಿದ.

ನಾನೂರ ಐವತ್ತೊಂದರ ಒಂದು ಎಲ್ಲಿಂದ ಬಂದಿತ್ತೆಂದು ಈಗ ಅರ್ಥವಾಯಿತು. ಕಬ್ಬಿಣದ ಪೆಟ್ಟಿಗೆಗೂ ಅವನ ಕೈ ಉಸಿರಾಡಲು ಜಾಗ ಬಿಟ್ಟಿತ್ತು. ಡಬ್ಬಿ ಖಾಲಿ, ಅಂಗಡಿಗೆ ಬೀಗ, ನಾಳೆ ನಾಲ್ಕಕ್ಕೆ ಸಾಲು ಹೊರಡುತ್ತದೆ. ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಆಗಲೇ ಬೀದಿ ಬಾಗಿಲು ತಟ್ಟಿದ ಸದ್ದಾಯಿತು.

"ಹಗಲು ಹೊತ್ತಲ್ಲಿ ಯಾಕೋ ಬಾಗಿಲು ಹಾಕ್ಕೊಂಡಿದ್ದೀಯ?"

ಡಾಕ್ಟರು ಬಂದಿರಲಿಲ್ಲವಂತೆ, ಅಕ್ಕ ಬೇಗ ವಾಪಸ್ಸು. ಟೈಲರು ಕೈಗೆ ಸಿಕ್ಕ ಲೈನಿಂಗ್ ಬಟ್ಟೆಯನ್ನು ಕಂಪ್ಯೂಟರಿನ ಮೇಲೆ ಹೊದಿಸಿ ಬಾಗಿಲು ತೆರೆದ. ಅಕ್ಕ ಒಂದು ಕಣ್ಣಿನಲ್ಲೇ ಮೇಜನ್ನು ನೋಡಿದಳು, ತಮ್ಮನನ್ನು ನೋಡಿದಳು, ಬಟ್ಟೆ ಎತ್ತಿದಳು. ತನ್ನ ಕಂಪ್ಯೂಟರು ಹೊಟ್ಟೆ ಬಗೆಸಿಕೊಂಡು ಮಲಗಿತ್ತು.

"ಇದೇನಿದು?"

ಟೈಲರು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ಗ್ಯಾರಂಟಿ, ಡಬ್ಬಿ, ಕೋಟು, ಹತ್ತೂವರೆ, ಹನ್ನೊಂದೂವರೆ. ಕೊನೆಗೆ "ನೀನು ಕೊನೇ ಬಸ್ಸಲ್ಲಿ ಹೋಗೋದು ನನಗೆ ಇಷ್ಟ ಇಲ್ಲ ಅಕ್ಕ" ಎಂದ. ಅಕ್ಕ ಅಳತೆ ಪುಸ್ತಕ ತೆಗೆದುಕೊಂಡು "ಅಕ್ಕನ ಪೆಟ್ಟಿಗೆ" ಎಂದಿದ್ದ ಪುಟವನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದು ಟೈಲರು ಗಾಬರಿಯಾದ. ಅಕ್ಕ ನಗುತ್ತಿದ್ದಳು. ನಕ್ಕು ನಕ್ಕು ಮೇಜು ಹಿಡಿದುಕೊಂಡಳು.

"ಕಬ್ಬಿಣ ದಪ್ಪ ಆಗುತ್ತೆ ಅಂದ್ಕೊಂಡ್ಯಾ?"

"ಕೈ ಬರೀತು, ನಾನಲ್ಲ."

ಅಕ್ಕ ಒಳಗೆ ಹೋಗಿ ಮಂಚದ ಕೆಳಗಿನಿಂದ ಸುರುಳಿ ಸುತ್ತಿದ ಕ್ಯಾನ್ವಾಸ್ ಚೀಲ ತಂದಳು. ಅವಳು ಕೆಲಸಕ್ಕೆ ಸೇರಿದ ವರ್ಷ ಟೈಲರೇ ಹೊಲಿದು ಕೊಟ್ಟದ್ದು, ಒಂದೊಂದು ಸ್ಪ್ಯಾನರಿಗೆ ಒಂದೊಂದು ಜೇಬು. ಬಿಚ್ಚಿದಾಗ ಒಳಗಿದ್ದದ್ದೆಲ್ಲ ಗಲಗಲ ಎಂದಿತು.

"ಕೇಳಿಸ್ತಾ?" ಎಂದಳು ಅಕ್ಕ. "ಎಲ್ಲಾ ಜೇಬೂ ಒಂದಿಂಚು ದೊಡ್ಡದು. ಇಪ್ಪತ್ತಾರು ವರ್ಷ ನನ್ನ ಸೀಟಿನ ಕೆಳಗೆ ಹೀಗೇ ಸದ್ದು ಮಾಡ್ತು. ನಿನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ಆಮೇಲೆ ಕೆಲಸದ ಯಜಮಾನಿಕೆ ಪೂರ್ತಿ ಅಕ್ಕನದು. ನಡುರಸ್ತೆಯಲ್ಲಿ ಕೆಟ್ಟ ಬಸ್ಸನ್ನು ಎಷ್ಟು ಸಲ ಎಬ್ಬಿಸಿ ಓಡಿಸಿದ್ದಳೋ, ಅದೇ ಗತ್ತಿನಲ್ಲಿ ತೋಳು ಮಡಿಚಿ ನಿಂತಳು. ಹಾರ್ಡ್ ಡಿಸ್ಕಿನ ಗೂಡು ನಾಲ್ಕು ರಿವೆಟ್ಟಿನ ಮೇಲೆ ನಿಂತಿತ್ತು. ಅದನ್ನು ಕಿತ್ತರೆ ಕಾರ್ಡಿಗೆ ಜಾಗವೇ ಜಾಗ. ಟೈಲರು ಉತ್ಸಾಹದಿಂದ ಸುತ್ತಿಗೆ ಎತ್ತಿದ. ಅಕ್ಕ ಅವನ ಕೈ ಹಿಡಿದಳು.

"ಇಂಜಿನ್ ಇಳಿಸದೆ ಬಾಡಿಗೆ ಸುತ್ತಿಗೆ ಹಾಕ್ತಾರಾ? ಮೊದಲು ಒಳಗಿರೋದೆಲ್ಲ ಹೊರಗೆ ಬರ್ಲಿ."

ಹೊರಗೆ ತೆಗೆಯುವ ಕೆಲಸದಲ್ಲಿ ಟೈಲರ ಬುದ್ಧಿ ಉಪಯೋಗಕ್ಕೆ ಬಂತು. ಬಿಡಿಬಿಡಿ ತುಂಡುಗಳು ಕಲಸಿಹೋಗದಂತೆ ಗುರುತು ಮಾಡುವುದರಲ್ಲಿ ಅವನದು ಎತ್ತಿದ ಕೈ. ಒಂದೊಂದು ವೈರಿಗೂ ಚಿಂದಿಬಟ್ಟೆಯ ತುಂಡು ಕಟ್ಟಿ ನಂಬರು ಬರೆದ. ಅಕ್ಕ ಪಕ್ಕದಲ್ಲಿ ನಿಂತು ನಂಬರುಗಳನ್ನು ಒಂದೊಂದಾಗಿ ಸರಿ ನೋಡಿದಳು, ಆ ಕೈಯ ಮೇಲೆ ಅವಳಿಗೆ ಈಗ ನಂಬಿಕೆ ಉಳಿದಿರಲಿಲ್ಲ. ಖಾಲಿ ತಗಡಿನ ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು, ಉಳಿ ಇಟ್ಟು, ನಾಲ್ಕು ರಿವೆಟ್ಟಿನ ತಲೆಗಳನ್ನು ನಾಲ್ಕೇ ಏಟಿಗೆ ಹಾರಿಸಿದಳು. ಗೂಡು ಕೈಗೆ ಬಂತು. ಕಬ್ಬಿಣದ ಪುಡಿಯನ್ನೆಲ್ಲ ಒರೆಸಿ ಒಳಗೆ ತಂದು, ಎಲ್ಲವನ್ನೂ ನಂಬರಿನ ಪ್ರಕಾರ ಜೋಡಿಸಿದರು. ಕಾರ್ಡು ಬೆಣ್ಣೆಯಲ್ಲಿ ಇಳಿದಂತೆ ಇಳಿದು ಕಟ್ ಎಂದು ಕೂತಿತು. ಮುಂದೆ ಬೇಕಾದಷ್ಟು ಜಾಗ ಉಳಿದಿತ್ತು.

ಉಳಿದದ್ದು ಹಾರ್ಡ್ ಡಿಸ್ಕು. ಗೂಡು ಕಳೆದುಕೊಂಡು ವೈರಿನ ತುದಿಯಲ್ಲಿ ನೇತಾಡುತ್ತಿತ್ತು. "ಇದಕ್ಕೊಂದು ಜೇಬು ಹೊಲೀತೀನಿ" ಎಂದು ಟೈಲರು ದಪ್ಪ ಬಟ್ಟೆಗಾಗಿ ಚಿಂದಿ ರಾಶಿ ಕೆದಕಿದ. ಅಕ್ಕ ಒಳಗೆ ಹೋಗಿ ಗೂಟದಿಂದ ಖಾಕಿ ಅಂಗಿ ತಂದು ಮೇಜಿನ ಮೇಲೆ ಹಾಕಿದಳು.

"ಹೊಲಿದಿರೋ ಜೇಬೇ ಇದೆಯಲ್ಲ. ಕಿತ್ತು ಹಾಕು."

"ಅಕ್ಕ, ಇದು ಬೇಡ."

"ಇದೇ ಆಗ್ಬೇಕು. ದಿನಾ ಇಸ್ತ್ರಿ ಹಾಕಿ ಹಾಕಿ ನನಗೂ ಸಾಕಾಗಿದೆ."

ಟೈಲರು ಬ್ಲೇಡಿನ ತುದಿಯಿಂದ ಹೊಲಿಗೆ ಬಿಚ್ಚಿದ. ಅಂಗಿಯ ಎರಡು ಪಕ್ಕದಲ್ಲೂ ಹಳೆಯ ಹೊಲಿಗೆಯ ಗುರುತುಗಳು ಗೆರೆಗೆರೆಯಾಗಿ ಇನ್ನೂ ಕಾಣುತ್ತಿದ್ದವು. ಎಷ್ಟೋ ವರ್ಷ, ಕೂತು ಕೂತು ಅಕ್ಕ ದಪ್ಪಗಾದ ಹಾಗೆಲ್ಲ, ಒಳಗೆ ಬಿಟ್ಟ ಬಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಬಿಚ್ಚಿ ಅವನೇ ಸಡಿಲ ಮಾಡಿಕೊಟ್ಟಿದ್ದ. ಅಕ್ಕ ಆ ಗುರುತಿನ ಮೇಲೆ ಬೆರಳಾಡಿಸಿ, "ಇಲ್ಲಿ ಮಾತ್ರ ನಿನ್ನ ಕೈ ಬರೆದಿದ್ದೇ ಸರಿ ಇತ್ತು" ಎಂದಳು. ಟೈಲರಿಗೆ ಆ ಮಾತಿನಿಂದ ಆದ ಸಂತೋಷ ಯಾವ ಗಿರಾಕಿಯ ಹೊಗಳಿಕೆಯಿಂದಲೂ ಆಗಿರಲಿಲ್ಲ. ಖಾಕಿ ಜೇಬು ಪೆಟ್ಟಿಗೆಯ ಮೂಲೆಯಲ್ಲಿ, ಗಾಳಿಯಾಡುವ ಜಾಗದಲ್ಲಿ ಕೂತಿತು. ಹಾರ್ಡ್ ಡಿಸ್ಕನ್ನು ಅದರೊಳಗೆ ಇಳಿಸಿ ಗುಂಡಿ ಹಾಕಿದರು. ಗುಂಡಿ ಹಾಕಿಕೊಂಡ ಕಂಪ್ಯೂಟರು ಪ್ರಪಂಚದಲ್ಲಿ ಅದೊಂದೇ ಇರಬೇಕು. ಸಂಜೆಯೊಳಗೆ ಗ್ಯಾರಂಟಿಯ ಕೋಟೂ ಎರಡಿಂಚು ಸಡಿಲವಾಗಿ ಅವನ ಮನೆ ಸೇರಿತು.

ಭಾನುವಾರ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅಕ್ಕ ಸ್ಟೀರಿಂಗಿನ ಮುಂದೆ ಕೂತಳು. ಪಕ್ಕದಲ್ಲಿ ಸ್ಟೂಲು ಹಾಕಿಸಿ, "ಇವತ್ತು ನಿಂತ್ಕೊಂಡು ನೋಡೋದು ಬೇಡ, ಕೂತ್ಕೋ" ಎಂದು ತಮ್ಮನನ್ನು ಕೂರಿಸಿಕೊಂಡಳು. ಸ್ಪೀಕರಿನಲ್ಲಿ ಡ್ರೈವರುಗಳ ಗದ್ದಲ. ಮೀಸೆಯ ಧ್ವನಿ ಬಂತು: "ಅಕ್ಕ, ನೀನು ಕೊನೆಗೆ ಅಲ್ವಾ?"

"ಮುಂದೆ," ಎಂದಳು ಅಕ್ಕ.

"ಮತ್ತೆ ನಿಂತುಹೋದ್ರೆ?"

"ನಿಂತ್ರೆ ಇನ್ನು ಮೇಲೆ ಜನ್ಮದಲ್ಲಿ ಮುಂದೆ ಬರಲ್ಲ."

ಅಕ್ಕ ಮರಗಳನ್ನು ವಾಪಸ್ಸು ತಂದಳು, ನೆರಳು ತಂದಳು, ಕೊನೆಗೆ ಕನ್ನಡಿಗಳನ್ನು ಹಚ್ಚಿದಳು. ಸಾಲು ಹೊರಟಿತು. ರಸ್ತೆ ಈಗ ಫೋಟೋದಂತೆ ಇರಲಿಲ್ಲ. ನೀರಿನಂತೆ ಹರಿದು ಬಂತು. ಊರು ದಾಟಿ, ಸೇತುವೆ ದಾಟಿ, ಹೋದ ವಾರದ ಆ ಇಳಿಜಾರು ಬಂತು. ಕಾರ್ಡಿನ ಫ್ಯಾನುಗಳು ಒಂದು ಸಲ ಜೋರಾಗಿ ಉಸಿರೆಳೆದವು. ಟೈಲರು ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ಇಳಿಜಾರು ಹಿಂದೆ ಹೋಗಿತ್ತು.

ಅಕ್ಕ ಬಲಗಡೆಯ ಕನ್ನಡಿಯನ್ನು ನೋಡುತ್ತಿದ್ದಳು. ನಿಜವಾದ ಬಸ್ಸಿನಲ್ಲಿ ಕೊನೆಯ ದಿನಗಳಲ್ಲಿ ಅವಳ ಕಣ್ಣಿಗೆ ಮೊದಲು ಮಸುಕಾದದ್ದು ಆ ಕನ್ನಡಿಯೇ. ಈಗ ಅದರಲ್ಲಿ ತಿರುವಿನ ಉದ್ದಕ್ಕೂ ಬಸ್ಸುಗಳು, ಒಂದರ ಹಿಂದೆ ಒಂದು. ಅವಳು ಪಿಸುದನಿಯಲ್ಲಿ ಎಣಿಸಿದಳು. "ಒಂಬತ್ತು, ಹತ್ತು, ಹನ್ನೊಂದು. ಎಲ್ಲಾ ಬಂದ್ರು ಕಣೋ." ಒಳ್ಳೆಯ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡಳು. ಟೈಲರು ಏನಾದರೂ ಹೇಳಬೇಕೆಂದು ಬಾಯಿ ತೆರೆದ. ತೆರೆದವನು ಹಾಗೇ ಮುಚ್ಚಿದ.

"ಏನಾಯ್ತು? ಯಾಕೆ ಮುಖ ಹಾಗೆ ಬೆಳ್ಳಗಾಗಿದೆ?"

"ಹೊಟ್ಟೆ ತೊಳಸ್ತಾ ಇದೆ ಅಕ್ಕ."

ಅಕ್ಕನ ಮುಖ ಇಷ್ಟಗಲವಾಯಿತು. "ನಿಜವಾಗ್ಲೂ?"

"ನಿಜವಾಗ್ಲೂ. ತಿರುವಲ್ಲಿ ಶುರುವಾಯ್ತು."

"ಹಾಗಾದ್ರೆ ಕಾರ್ಡು ಚೆನ್ನಾಗಿದೆ" ಎಂದಳು ಅಕ್ಕ. ಎಡಗಡೆಯ ದೀಪ ಹಾಕಿ, ವೇಗ ತಗ್ಗಿಸಿ, ಬಸ್ಸನ್ನು ರಸ್ತೆಯ ಅಂಚಿಗೆ ತಂದು ಮೆತ್ತಗೆ ನಿಲ್ಲಿಸಿದಳು. ಸ್ಪೀಕರಿನಲ್ಲಿ ಮೀಸೆ ಗಾಬರಿಯಾದ. "ಅಕ್ಕ, ಮತ್ತೆ ನಿಂತ್ಹೋಯ್ತಾ?"

"ನಿಂತಿಲ್ಲ, ನಿಲ್ಲಿಸಿದ್ದೀನಿ. ನನ್ನ ತಮ್ಮಂಗೆ ವಾಂತಿ ಬರೋ ಹಾಗಾಗಿದೆ. ಎಲ್ಲರೂ ಸೈಡಿಗೆ ಹಾಕ್ಕೊಳ್ಳಿ."

ಟೈಲರು ಬಾಯಿಗೆ ಟವೆಲ್ ಒತ್ತಿಕೊಂಡು ಹಿತ್ತಿಲ ಬಾಗಿಲಿಗೆ ಓಡುತ್ತಾ ಒಮ್ಮೆ ತಿರುಗಿ ನೋಡಿದ. ಕನ್ನಡಿಯಲ್ಲಿ ಹನ್ನೊಂದು ಬಸ್ಸುಗಳೂ ದೀಪ ಮಿನುಗಿಸುತ್ತಾ ಒಂದೊಂದಾಗಿ ಅಂಚಿಗೆ ಬಂದು ನಿಲ್ಲುತ್ತಿದ್ದವು. ಒಂದಕ್ಕೊಂದು ತಾಗಲಿಲ್ಲ. ಎಲ್ಲವುಗಳ ನಡುವೆಯೂ ಸ್ವಲ್ಪ ಜಾಗ ಬಿಟ್ಟಿತ್ತು.

"ನಿಧಾನಕ್ಕೆ ಬಾ," ಎಂದಳು ಅಕ್ಕ. "ನೀನು ಬರೋ ತನಕ ಬಸ್ಸು ಹೊರಡಲ್ಲ."